ಮೂರು ವರ್ಷಕ್ಕೆ ಒಂದು ತಿಂಗಳು ಕಮ್ಮಿ

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಅನುಭವ ಎಷ್ಟು ಎಂದರೆ 'ತ್ರೀ ಪ್ಲಸ್', 'ಸಿಕ್ಸ್ ಪ್ಲಸ್' ಅಂದರೆ ಸಾಕು, ಮಾತು ಮುಂದಕ್ಕೆ ಹೋಗುತ್ತದೆ. ಕಾಯಂ ವಾಸಕ್ಕೆ ಅಂಕ ನೋಡಿ ಜನರನ್ನು ಆರಿಸುವ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಈ ಪ್ಲಸ್ಸಿಗೆ ಬೆಲೆಯಿಲ್ಲ. 2015ರ ಜನವರಿಯಲ್ಲಿ ಶುರುವಾದ ಈ ವ್ಯವಸ್ಥೆ ತುಂಬಿದ ವರ್ಷಕ್ಕಷ್ಟೇ ಅಂಕ ಕೊಡುತ್ತದೆ. ಎರಡು ವರ್ಷ ಹನ್ನೊಂದು ತಿಂಗಳು ದುಡಿದವನ ಅನುಭವ ಅಲ್ಲಿ ಎರಡೇ ವರ್ಷ.

ಒಬ್ಬ ಎಂಜಿನಿಯರ್ 2021ರ ಜೂನ್ 14ರಂದು ಕೆಲಸಕ್ಕೆ ಸೇರಿದ ಎಂದಿಟ್ಟುಕೊಳ್ಳಿ. 2023ರ ಮಾರ್ಚ್ 31ಕ್ಕೆ ರಿಲೀವ್ ಆಗಿ, ಊರಿಗೆ ಹೋಗಿ ಬಂದು, ಮೇ 2ಕ್ಕೆ ಇನ್ನೊಂದು ಕಂಪನಿ ಸೇರಿದ. 2024ರ ಜೂನ್ ನಡುವಿನಲ್ಲಿ ಅವನ ರೆಸ್ಯೂಮೆ ಮೂರು ವರ್ಷ ಅನ್ನುತ್ತದೆ. ನಡುವಿನ 31 ದಿನ ಕಳೆದರೆ 35 ತಿಂಗಳು. ವಿದೇಶಿ ಅನುಭವ ಮೂರು ವರ್ಷ ಮುಟ್ಟಿ, ಭಾಷಾ ಪರೀಕ್ಷೆಯಲ್ಲಿ ಸಿಎಲ್‌ಬಿ (ಕೆನಡಾದ ಭಾಷಾ ಮಾನದಂಡ) 9 ಇದ್ದರೆ ಸಿಗುವುದು 50 ಅಂಕ, ಮುಟ್ಟದಿದ್ದರೆ 25. ಒಂದೆರಡು ಅಂಕಕ್ಕೆ ಅರ್ಜಿ ಹಾಕುವ ಆಹ್ವಾನವೇ ತಪ್ಪುವ ಕಡೆ 25 ಅಂಕ ಸಣ್ಣದಲ್ಲ. ಜುಲೈ ನಡುವಿನವರೆಗೆ ಸುಮ್ಮನೆ ಕಾದರೆ ಅವು ತಾವಾಗಿ ಬರುತ್ತವೆ. ಕಾಯುವ ತಾಳ್ಮೆ ಇಲ್ಲದವರಿಗೆ 'ರೌಂಡ್ ಆಫ್ ಮಾಡಿ ಹಾಕೋಣ ಬಿಡಿ' ಎನ್ನುವ ಏಜೆಂಟರು ಸಿಗುತ್ತಾರೆ. ಅಂಥ ಸುಳ್ಳು ಸಿಕ್ಕಿಬಿದ್ದರೆ ಐದು ವರ್ಷ ಕೆನಡಾದ ಬಾಗಿಲು ಮುಚ್ಚುತ್ತದೆ. ಏಜೆಂಟನಿಗಲ್ಲ, ಅರ್ಜಿದಾರನಿಗೆ.

ಗಂಟೆಗಳ ಲೆಕ್ಕವೂ ಹೀಗೇ ಬಿಗಿ. ವಾರಕ್ಕೆ 30 ಗಂಟೆಯಂತೆ ವರ್ಷಕ್ಕೆ 1,560 ಗಂಟೆ. ರಿಲೀಸ್ ಹತ್ತಿರ ಬಂದಾಗ ವಾರಕ್ಕೆ 60 ಗಂಟೆ ಕೂತಿದ್ದೆ ಎಂದರೂ 30ರ ಮೇಲಿನದು ಲೆಕ್ಕಕ್ಕಿಲ್ಲ. ಆರು ತಿಂಗಳಲ್ಲಿ ಒಂದು ವರ್ಷ ಮುಗಿಸುವ ದಾರಿಯೇ ಇಲ್ಲ. ಪಾರ್ಟ್‌ಟೈಮ್ ನಡೆಯುತ್ತದೆ: ವಾರಕ್ಕೆ 15 ಗಂಟೆಯಂತೆ ಎರಡು ವರ್ಷ ಮಾಡಿದರೆ ಒಂದು ವರ್ಷ. ಸಂಬಳವಿಲ್ಲದ ಇಂಟರ್ನ್‌ಶಿಪ್ ನಡೆಯುವುದಿಲ್ಲ. ಕಳೆದ ಹತ್ತು ವರ್ಷದೊಳಗಿನದಷ್ಟೇ ಬೇಕಾದ್ದರಿಂದ, ಹಳೆಯ ಕೆಲಸ ಒಂದು ಕಡೆಯಿಂದ ಜಾರುತ್ತಲೇ ಇರುತ್ತದೆ. ಕೆನಡಾದಲ್ಲೇ ಓದಲು ಹೋದ ಮಕ್ಕಳು ಇನ್ನೊಂದು ಗಮನಿಸಬೇಕು. ಅಲ್ಲಿನ ಕೆಲಸದ ಅನುಭವವನ್ನೇ ನೋಡುವ ಕೆನಡಿಯನ್ ಎಕ್ಸ್‌ಪೀರಿಯೆನ್ಸ್ ಕ್ಲಾಸ್‌ನಲ್ಲಿ, ಪೂರ್ಣಾವಧಿ ಓದುವಾಗ ಮಾಡಿದ ಕೆಲಸ ಲೆಕ್ಕಕ್ಕಿಲ್ಲ.

ಇಷ್ಟೆಲ್ಲ ಕೂಡಿಸಿ ಕಳೆದ ಮೇಲೆ ನಿಜವಾದ ತಲೆನೋವು ಶುರು. ಅದು ಪುರಾವೆ. ನಮ್ಮ ಕಂಪನಿಗಳ ಎಕ್ಸ್‌ಪೀರಿಯೆನ್ಸ್ ಲೆಟರ್ ನೋಡಿದವರಿಗೆ ಗೊತ್ತು: ಇಂಥವರು ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಸೀನಿಯರ್ ಅಸೋಸಿಯೇಟ್ ಆಗಿದ್ದರು, ನಡತೆ ಚೆನ್ನಾಗಿತ್ತು, ಮುಂದಿನ ಭವಿಷ್ಯಕ್ಕೆ ಶುಭವಾಗಲಿ. ಅಷ್ಟೇ. ಸೀನಿಯರ್ ಅಸೋಸಿಯೇಟ್ ಏನು ಮಾಡುತ್ತಿದ್ದ? ಕೋಡ್ ಬರೆಯುತ್ತಿದ್ದನೋ, ಟೆಸ್ಟಿಂಗ್ ಮಾಡುತ್ತಿದ್ದನೋ, ಗ್ರಾಹಕರ ಫೋನ್ ಎತ್ತುತ್ತಿದ್ದನೋ? ಕೆನಡಾದ ಅಧಿಕಾರಿಗೆ ಬೇಕಾದದ್ದು ಅದೇ. ಅವರ ಉದ್ಯೋಗ ಪಟ್ಟಿಯಾದ ಎನ್‌ಒಸಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್‌ಗೆ 21231, ಡೆವಲಪರ್‌ಗೆ 21232. ಹುದ್ದೆಯ ಹೆಸರು ಏನೇ ಇರಲಿ, ಆ ಸಂಖ್ಯೆಯಡಿ ಹೇಳಿದ ಮುಖ್ಯ ಕೆಲಸಗಳನ್ನು ಮಾಡಿರಬೇಕು. ಹಾಗಾಗಿ ಲೆಟರ್‌ಹೆಡ್ ಮೇಲೆ ಕೆಲಸದ ವಿವರ, ವಾರದ ಗಂಟೆ, ಸಂಬಳ, ತಾರೀಖು, ಸಹಿ ಎಲ್ಲವೂ ಬೇಕು. ಎಚ್‌ಆರ್ ಕಡೆಯಿಂದ ಬರುವ ಉತ್ತರ ಬಹುಪಾಲು ಒಂದೇ: 'ಅದು ನಮ್ಮ ಪಾಲಿಸಿಯಲ್ಲಿಲ್ಲ.' ಹತ್ತು ಸಾಲು ಬರೆದುಕೊಡಲು ಯಾವ ಪಾಲಿಸಿ ಅಡ್ಡ ಬರುತ್ತದೋ, ನನಗಂತೂ ಅರ್ಥವಾಗಿಲ್ಲ.

ಹಾಗಂತ ಎನ್‌ಒಸಿಯ ಸಾಲುಗಳನ್ನೇ ಕಾಪಿ ಹೊಡೆದು, ಮ್ಯಾನೇಜರ್ ಕೈಲಿ ಸಹಿ ಹಾಕಿಸಿ ತಂದರೆ ಅದೂ ಅನುಮಾನಕ್ಕೆ ದಾರಿ. ಯಾವ ಪ್ರಾಜೆಕ್ಟು, ಯಾವ ಭಾಷೆಯಲ್ಲಿ ಕೋಡು, ತಂಡದಲ್ಲಿ ಎಷ್ಟು ಜನ ಎಂದು ಮಾಡಿದ್ದನ್ನೇ ಬರೆಸಬೇಕು. ಕಂಪನಿ ಕೊಡುವುದೇ ಇಲ್ಲವೆಂದರೆ ಜೊತೆಗಿದ್ದ ಮ್ಯಾನೇಜರ್ ಸ್ಟಾಂಪ್ ಪೇಪರ್ ಮೇಲೆ ನೋಟರಿ ಮಾಡಿಸಿದ ಅಫಿಡವಿಟ್, ಅದಕ್ಕೆ ಬೆನ್ನಾಗಿ ಪೇಸ್ಲಿಪ್, ಫಾರ್ಮ್ 16, ಪಿಎಫ್ ಪಾಸ್‌ಬುಕ್, ಜೊತೆಗೆ ಕಂಪನಿ ಏಕೆ ಕೊಡಲಿಲ್ಲ ಎನ್ನುವ ವಿವರಣೆ. ಆಹ್ವಾನ ಬಂದ ಮೇಲೆ ಪೂರ್ತಿ ಅರ್ಜಿಗೆ ಇರುವುದು 60 ದಿನ. ಆಗ ಓಡಾಡುವುದಕ್ಕಿಂತ ಕೆಲಸ ಬಿಡುವಾಗ ನೋಟಿಸ್ ಪೀರಿಯಡ್‌ನಲ್ಲೇ ಬರೆಸಿಕೊಳ್ಳುವುದು ಜಾಣತನ. ನಿಮ್ಮ ಮ್ಯಾನೇಜರ್ ಕೂಡ ಕಂಪನಿ ಬದಲಾಯಿಸುವವರೇ ತಾನೇ.

ಎಕ್ಸ್‌ಪ್ರೆಸ್ ಎಂಟ್ರಿ ಪ್ರೊಫೈಲ್‌ನಲ್ಲೂ ಒಂದು ಗುಂಡಿ ಇದೆ. ಈಗಲೂ ಮಾಡುತ್ತಿರುವ ಕೆಲಸಕ್ಕೆ ಕೊನೆಯ ತಾರೀಖು ಖಾಲಿ ಬಿಟ್ಟರೆ ಅನುಭವ ತಾನಾಗಿ ಬೆಳೆಯುತ್ತಾ ಹೋಗುತ್ತದೆ. ಕೆಲಸ ಬಿಟ್ಟವರು ಅದನ್ನು ತುಂಬಲು ಮರೆತರೆ, ದುಡಿಯದ ತಿಂಗಳಿಗೂ ಅಂಕ ಸೇರಿ, ಆ ಬಲದ ಮೇಲೆ ಆಹ್ವಾನವೂ ಬಂದುಬಿಡಬಹುದು. ಅಂಥ ಆಹ್ವಾನವನ್ನು ಒಪ್ಪಿಕೊಳ್ಳದೆ, ತಾರೀಖು ತಿದ್ದಿ ಮತ್ತೆ ಕಾಯುವುದೇ ಕ್ಷೇಮ.

ಇದೇ ಕಡತ ಹಿಡಿದು ಆಸ್ಟ್ರೇಲಿಯಾ ಕಡೆ ಹೊರಟರೆ ಲೆಕ್ಕ ಪೂರ್ತಿ ಬೇರೆ. ಅಲ್ಲಿ ವಾರಕ್ಕೆ 20 ಗಂಟೆ ಸಾಕು. ಆದರೆ ಐಟಿಯವರನ್ನು ತೂಗುವ ಎಸಿಎಸ್ ಸಂಸ್ಥೆ ಮೊದಲ ವರ್ಷಗಳನ್ನು ಕಲಿಕೆಯ ಖಾತೆಗೆ ಹಾಕಿಬಿಡುತ್ತದೆ. ಪದವಿಯೂ ಕೆಲಸವೂ ಹೊಂದುವ ಐಟಿ ಪದವೀಧರನಿಗೆ ವಾಡಿಕೆಯಂತೆ ಎರಡು ವರ್ಷ ಕಡಿತ. ಭಾರತದಲ್ಲಿ ಆರು ವರ್ಷ ದುಡಿದವನಿಗೆ ಉಳಿಯುವುದು ನಾಲ್ಕು, ಬರುತ್ತದೆಂದುಕೊಂಡ 10 ಅಂಕದ ಜಾಗದಲ್ಲಿ 5.