ತಂಬೂರಿಯ ಶ್ರುತಿಗೆ ಡಿಜೆಯ ಬೀಟು

ಮಳವಳ್ಳಿ ಸೀಮೆಯಲ್ಲಿ ಈಗ ಹಬ್ಬವೆಂದರೆ ಟ್ರ್ಯಾಕ್ಟರ್ ಟ್ರೈಲರಿನ ಮೇಲೆ ಆಳೆತ್ತರದ ಸ್ಪೀಕರುಗಳು ಇರಬೇಕು. ಗಣಪತಿ ಬಿಡುವ ದಿನವಾಗಲಿ, ಊರಮ್ಮನ ಹಬ್ಬವಾಗಲಿ, ಸಿನಿಮಾ ಹಾಡುಗಳ ನಡುವೆ ಮಂಟೇಸ್ವಾಮಿಯದೋ ಮಾದಪ್ಪನದೋ ಒಂದು ಪದ ಡಿಜೆ ಬೀಟು ಹೊತ್ತು ಬಂದೇ ಬರುತ್ತದೆ. ಹುಡುಗರು ಮೈಮರೆತು ಕುಣಿಯುತ್ತಾರೆ, ಹಿರಿಯರು ಕೆಲವರು ಮುಖ ಸಿಂಡರಿಸುತ್ತಾರೆ. ಕುಣಿತದ ಬಗ್ಗೆ ನನಗೆ ತಕರಾರಿಲ್ಲ. ಆ ಸ್ಪೀಕರಿನಲ್ಲಿ ಹಾಡುತ್ತಿರುವ ಕೊರಳು ಯಾರದೆಂದು ಕೇಳಿದರೆ ಹೇಳುವವರಿಲ್ಲವಲ್ಲ, ಅದು ನನ್ನ ಸಂಕಟ.

ಬಹಳ ಸಲ ಆ ಕೊರಳು ಮಂಟೇಸ್ವಾಮಿಯ ಕತೆ ಹಾಡುವ ಇದೇ ನೆಲದ ನೀಲಗಾರರದು. ಮಂಟೇಸ್ವಾಮಿಯ ಗದ್ದುಗೆ ಇರುವ ಬೊಪ್ಪೇಗೌಡನಪುರ ಮಳವಳ್ಳಿ ತಾಲ್ಲೂಕಿನದು. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹೋಗಿ ಪಾಂಚಾಳರೆದುರು ಪವಾಡ ಗೆದ್ದನೆಂದು ಕಾವ್ಯ ಹೇಳುವ ಹಲಗೂರೂ ಅಲ್ಲಿಯದೇ. ಕ್ಯಾಸೆಟ್ಟಿನ ಕಾಲದಲ್ಲಿ ಮಳವಳ್ಳಿ ಮಹದೇವಸ್ವಾಮಿಯವರ ದನಿ ಈ ಕತೆಗಳನ್ನು ಬಸ್ಸು, ಟೀ ಅಂಗಡಿ, ಮನೆಮನೆಗೆ ಮುಟ್ಟಿಸಿತು. ಇಂದಿನ ರೀಮಿಕ್ಸುಗಳಿಗೆ ಬೇಕಾದ ಸರಕೆಲ್ಲ ಇಂಥ ಧ್ವನಿಮುದ್ರಣಗಳೇ.

ನೀಲಗಾರರ ಮೇಳವನ್ನು ಹತ್ತಿರ ಕೂತು ಕೇಳಬೇಕು. ಮುಂದೆ ಹಾಡುವವನ ಹೆಗಲಿಗೆ ತಂಬೂರಿ, ಕೈಗೆ ಗಗ್ಗರ. ಹಿಮ್ಮೇಳದವರಿಗೆ ತಾಳ, ಡಕ್ಕೆ. ಗಗ್ಗರವೆಂದರೆ ಒಳಗೆ ಟೊಳ್ಳಾದ ಲೋಹದ ಬಳೆ, ಅದರ ಹೊಟ್ಟೆಯಲ್ಲಿ ಸಣ್ಣ ಹರಳುಗಳು. ಕೈ ತಿರುಗಿದಾಗ ಹರಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಉರುಳಬೇಕು, ಆಮೇಲೆ ಸದ್ದು. ಆದ್ದರಿಂದ ಅದರ ಪೆಟ್ಟು ತಾಳದ ನೆತ್ತಿಯ ಮೇಲೆ ಬೀಳುವುದಿಲ್ಲ, ಕೂದಲೆಳೆಯಷ್ಟು ಹಿಂದೆ ಮುಂದೆ ಚೆಲ್ಲಿಕೊಂಡು ಬರುತ್ತದೆ. ಪದ ನಡುವೆ ನಿಂತು ಮಾತಾಗುತ್ತದೆ, ಮಾತು ಏರಿ ಮತ್ತೆ ಪದವಾಗುತ್ತದೆ. ದುಃಖದ ಕಡೆ ನಡೆ ಇಳಿಯುತ್ತದೆ, ಪವಾಡ ಬಂದಾಗ ಓಡುತ್ತದೆ. ಆ ಉಸಿರಾಟವೇ ಕತೆಯ ಜೀವ.

ರೀಮಿಕ್ಸಿನಲ್ಲಿ ಮೊದಲು ಸಾಯುವುದು ಅದೇ. ಡ್ಯಾನ್ಸ್ ಸಂಗೀತದ ಬೀಟು ಸಾಮಾನ್ಯವಾಗಿ ನಿಮಿಷಕ್ಕೆ 120ರಿಂದ 130, ಗೆರೆ ಕೊರೆದ ಹಾಗೆ. ಕಂಪ್ಯೂಟರು ಪದವನ್ನು ಎಳೆದೋ ಕುಗ್ಗಿಸಿಯೋ ಆ ಗೆರೆಗೆ ಕೂರಿಸುತ್ತದೆ. ಮಾತಿನ ಭಾಗಕ್ಕೆ ಕತ್ತರಿ, ಎರಡು ಸಾಲು ಮಾತ್ರ ಉಳಿದು ಗಿರಗಿರ ಸುತ್ತುತ್ತವೆ. ನೋವಾಗುವುದು ಯಾಕೆಂದರೆ ನೀಲಗಾರರ ಪದವೂ ಈ ಯಂತ್ರದ ಸಂಗೀತವೂ ನಿಜಕ್ಕೂ ನೆಂಟರು. ಕಡೆತನಕ ಬಿಡದ ಒಂದೇ ಶ್ರುತಿ, ಸುತ್ತಿ ಸುತ್ತಿ ಬರುವ ಸಾಲು, ಬೆಳಗಿನವರೆಗೂ ಸ್ವಲ್ಪಸ್ವಲ್ಪವೇ ಏರುವ ಕಾವು: ಎಲೆಕ್ಟ್ರಾನಿಕ್ ಸಂಗೀತ ಹುಡುಕುವುದೆಲ್ಲ ನೀಲಗಾರರಲ್ಲಿ ಮೊದಲೇ ಇದೆ. ಕರೆಂಟೂ ಈ ಸೀಮೆಗೆ ಹೊರಗಿನದಲ್ಲ; 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಶಿವನಸಮುದ್ರ ಇರುವುದು ಮಳವಳ್ಳಿ ತಾಲ್ಲೂಕಿನಲ್ಲೇ.

ಇಂಥ ನೆಂಟಸ್ತನವನ್ನು ಮರ್ಯಾದೆಯಿಂದ ಮಾಡಿ ತೋರಿಸಿದವರಿದ್ದಾರೆ. ಬ್ರಿಟನ್ನಿನ ಗಿಟಾರ್ ವಾದಕ, ನಿರ್ಮಾಪಕ ಸೈಮನ್ ಎಮರ್ಸನ್ ಸೆನೆಗಲ್ಲಿನ ಗಾಯಕ ಬಾಬಾ ಮಾಲ್ ಜೊತೆ ಕೆಲಸ ಮಾಡುವಾಗ ಆಫ್ರಿಕದ ಧಾಟಿಯೊಂದು ಐರ್ಲೆಂಡಿನ ಹಳೆಯ ಧಾಟಿಯನ್ನು ಹೋಲುವುದನ್ನು ಗುರುತಿಸಿದರು. 1995ರಲ್ಲಿ ‘ಆಫ್ರೋ ಕೆಲ್ಟ್ ಸೌಂಡ್ ಸಿಸ್ಟಮ್’ ಕಟ್ಟಿದರು, ಮರುವರ್ಷ ಮೊದಲ ಆಲ್ಬಂ ಬಂತು. ಪಶ್ಚಿಮ ಆಫ್ರಿಕದ 21 ತಂತಿಯ ಕೋರಾ, ಮೊಣಕೈಯಡಿಯ ತಿದಿಯಿಂದ ಗಾಳಿ ತುಂಬಿ ನುಡಿಸುವ ಐರಿಷ್ ಪೈಪು, ಅಡಿಯಲ್ಲಿ ಯಂತ್ರದ ಬೀಟು. ವಾದ್ಯವಿಲ್ಲದೆ ಹಾಡುವ ಹಳೆಯ ಐರಿಷ್ ಪದ್ಧತಿಯ ಇಯರ್ಲಾ ಓ ಲಿಯೊನಾರ್ಡ್, ಕೋರಾ ನುಡಿಸುವ ಗಿನಿ ದೇಶದ ಎನ್‌ಫಾಲಿ ಕುಯಾಟೆ, ಪಂಜಾಬಿ ಢೋಲಿನ ಜಾನಿ ಕಲ್ಸಿ, ಇವರೆಲ್ಲ ಆ ತಂಡದಲ್ಲಿ ನುಡಿಸಿದವರು, ಹಾಡಿದವರು. ಕೋರಾದ ಸದ್ದಷ್ಟನ್ನೇ ಎಲ್ಲಿಂದಲೋ ಕತ್ತರಿಸಿ ತಂದು ಅಂಟಿಸಿದ್ದಲ್ಲ. ಕೋರಾದವನೇ ಎದುರಿಗಿದ್ದ. ಅವನ ಹೆಸರು ಊರು ಕೇಳುಗರಿಗೆ ಗೊತ್ತಿತ್ತು.

 

ನಮ್ಮ ಸಿನಿಮಾದವರು ಈ ಪದಗಳ ಕಡೆ ಕೈ ಚಾಚಿದ್ದು ಹೊಸತೇನಲ್ಲ. 1996ರ ‘ಜನುಮದ ಜೋಡಿ’ಗೆ ವಿ. ಮನೋಹರ್ ಸಂಗೀತದಲ್ಲಿ ಎಲ್.ಎನ್. ಶಾಸ್ತ್ರಿ ಹಾಡಿದ ಕೋಲುಮಂಡೆ ಜಂಗಮನ ಹಾಡಿಗೆ ರಾಜ್ಯ ಪ್ರಶಸ್ತಿ ಬಂತು. ಮದ್ದೂರು ತಾಲ್ಲೂಕು ಬೆಸಗರಹಳ್ಳಿಯ ಪ್ರೇಮ್ 2005ರಲ್ಲಿ ‘ಜೋಗಿ’ ತೆಗೆದಾಗ ಜನಪದ ಧಾಟಿ ಗುರುಕಿರಣ್ ಅವರ ಬೀಟಿನೊಡನೆ ರಾಜ್ಯವನ್ನೇ ಕುಣಿಸಿತು. ‘ಸೋಜುಗಾದ ಸೂಜುಮಲ್ಲಿಗೆ’ 2021ರಲ್ಲಿ ‘ಗರುಡ ಗಮನ ವೃಷಭ ವಾಹನ’ಕ್ಕೆ ಬಂದದ್ದು ಎಲ್ಲರಿಗೂ ಗೊತ್ತು. ಇವೆಲ್ಲ ನನಗೆ ಇಷ್ಟವೇ. ಆದರೆ ಮಾದಪ್ಪನ ಪದ ಹಾಡುತ್ತ ಕಾಪಾಡಿಕೊಂಡು ಬಂದ ದೇವರಗುಡ್ಡರು ಈ ಯಶಸ್ಸಿನ ಹೊರಗೇ ಉಳಿದರು.

ಮಂಡ್ಯದವರಿಗೆ ಬೇರೆ ಮೇಲ್ಪಂಕ್ತಿಯೂ ಇತ್ತು. ನಾಗಮಂಗಲ ತಾಲ್ಲೂಕಿನ ಎಚ್.ಎಲ್. ನಾಗೇಗೌಡರೂ ಜೀ.ಶಂ. ಪರಮಶಿವಯ್ಯನವರೂ ಹಳ್ಳಿ ಹಳ್ಳಿ ಅಲೆದು ಪದ ಸಂಗ್ರಹಿಸಿದರು. 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕ ಎದ್ದಿದ್ದು ನಾಗೇಗೌಡರ ಆ ಅಲೆದಾಟದಿಂದ.

ಬೀಟು ಕಲಾವಿದನನ್ನು ಹಿಂಬಾಲಿಸುವುದು ಹೇಗೆಂದು ತಿಳಿಯಬೇಕಾದರೆ ಪೂಜಾ ಕುಣಿತದ ತಮಟೆಯವರನ್ನು ನೋಡಿ. ಚರ್ಮವನ್ನು ಬೆಂಕಿಗೆ ಹಿಡಿದು ಬಿಗಿ ಮಾಡಿಕೊಂಡು, ತಲೆಯ ಮೇಲೆ ಪೂಜೆ ಹೊತ್ತವನ ಹೆಜ್ಜೆಯ ಮೇಲೇ ಕಣ್ಣಿಟ್ಟಿರುತ್ತಾರೆ. ಅವನ ಮಂಡಿ ಬಗ್ಗಿತೋ, ಇವರ ಕಡ್ಡಿ ನಡೆ ಬದಲಿಸುತ್ತದೆ. ಲ್ಯಾಪ್‌ಟಾಪಿಗೂ ಇದು ಸಾಧ್ಯ. ಹಾಡುವವನ ನಡೆಯನ್ನು ಬೀಟು ಹಿಂಬಾಲಿಸುವಂತೆ ಕೈಯಲ್ಲೇ ಹೊಂದಿಸಿಕೊಂಡು ಹೋಗಬಹುದು, ಗೆರೆಗೆ ಕಟ್ಟುವ ಗುಂಡಿ ಒತ್ತದೆ ಬಿಡಬಹುದು. ಅದಕ್ಕೆ ನೀಲಗಾರರೂ ಡಿಜೆ ಹುಡುಗರೂ ಮಂಡ್ಯದಲ್ಲೋ ಮಳವಳ್ಳಿಯಲ್ಲೋ ಒಂದೇ ಕೋಣೆಯಲ್ಲಿ ನಾಲ್ಕು ದಿನ ಕೂರಬೇಕು.

ದುಡ್ಡಿನ ಮಾತೂ ಅಲ್ಲೇ ಆಗಲಿ. ತಲೆಮಾರುಗಳಿಂದ ಬಂದ ಪದಕ್ಕೆ ಒಡೆಯರಿಲ್ಲದಿರಬಹುದು, ಅದನ್ನು ಹಾಡಿದವರಿಗೆ ಹಕ್ಕಿದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆ ಪ್ರದರ್ಶಕರ ಹಕ್ಕಿಗೆ 50 ವರ್ಷ ಕೊಟ್ಟಿದೆ. 2012ರ ತಿದ್ದುಪಡಿಯಲ್ಲಿ ರಾಯಧನದ ಪಾಲನ್ನೂ ಹೆಸರು ಹೇಳಿಸಿಕೊಳ್ಳುವ ಹಕ್ಕನ್ನೂ ಸೇರಿಸಿದೆ. ಯೂಟ್ಯೂಬಿಗೆ ರೀಮಿಕ್ಸ್ ಏರಿಸುವ ಹುಡುಗರು ತಮ್ಮ ಡಿಜೆ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿಕೊಳ್ಳಲಿ, ಅದರ ಪಕ್ಕದಲ್ಲಿ ಹಾಡಿದವರ ಹೆಸರನ್ನೂ ಊರನ್ನೂ ಅಷ್ಟೇ ದಪ್ಪವಾಗಿ ಬರೆಯಲಿ.