ಕಲ್ಲಿನ ಸಂದಿಗೆ ಕೈ ಹಾಕುವ ಮುನ್ನ

ಮಳೆ ನಿಂತ ಮೇಲೆ ಡಾಬಕಾ, ಔರಾದ್, ಭಾಲ್ಕಿ ಕಡೆಯವರು ಬುತ್ತಿ ಕಟ್ಟಿಕೊಂಡು ಮಕ್ಕಳೊಂದಿಗೆ ಬೀದರ್‌ನ ಪಾಪನಾಶ ಕೆರೆಗೆ ಹೋಗುವುದುಂಟು. ಬೀದರ್ ಪ್ರಸ್ಥಭೂಮಿಯ ಮೇಲ್ಪದರ ಜಂಬಿಟ್ಟಿಗೆ ಕಲ್ಲು. ಅದರ ರಂಧ್ರಗಳಲ್ಲಿ ಇಳಿದ ಮಳೆನೀರು ಕೆಳಗಿನ ಕರಿಕಲ್ಲಿನ ಮೇಲೆ ನಿಂತು, ಕಣಿವೆಯಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ಸೊಗಸಾದ ಜಾಗವೇ. ಆದರೆ ಇಂಥ ಕಲ್ಲುನೆಲದ ಬಿರುಕುಗಳು ಗರಗಸ ಮಂಡಲ ಹಾವಿಗೂ ಇಷ್ಟ.

ಒಂದೆರಡು ಅಡಿ ಉದ್ದದ ಈ ಹಾವನ್ನು ಮರಿಯೆಂದು ಹಗುರವಾಗಿ ಕಾಣುವವರಿದ್ದಾರೆ. ಇದರ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕೆಡಿಸುತ್ತದೆ. ವಸಡಿನಲ್ಲಿ, ಮೂತ್ರದಲ್ಲಿ ರಕ್ತ ಕಾಣಿಸಲು ಕೆಲವು ಗಂಟೆಗಳೇ ಹಿಡಿಯಬಹುದು. ಅಷ್ಟರಲ್ಲಿ 'ಏನೂ ಆಗಿಲ್ಲ' ಎಂದು ಊರಿಗೆ ಮರಳಿ ಮಲಗಿದರೆ ಜೀವಕ್ಕೇ ಸಂಚಕಾರ.

ಕಚ್ಚಿದ ಕೈಕಾಲಿನಿಂದ ಬಳೆ, ಉಂಗುರ, ಕಾಲುಂಗುರ ಕೂಡಲೇ ತೆಗೆಯಿರಿ. ದಬ್ಬೆ ಕಟ್ಟಿ, ಅಲುಗದಂತೆ ಎತ್ತಿಕೊಂಡು ಹೋಗಿ; ನಡೆಸಬೇಡಿ. ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು ಖಂಡಿತ ಬೇಡ. ಹಾವನ್ನು ಕೊಂದು ತರಬೇಕಾಗಿಯೂ ಇಲ್ಲ. ಆಸ್ಪತ್ರೆಯಲ್ಲಿ ನಾವು 2 ಮಿ.ಲೀ. ರಕ್ತವನ್ನು ಒಣ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಡುತ್ತೇವೆ. ಹೆಪ್ಪುಗಟ್ಟದಿದ್ದರೆ ಪ್ರತಿವಿಷ ಕೊಡಲೇಬೇಕು. ಮೊದಲ ಪರೀಕ್ಷೆ ಸರಿ ಬಂದರೂ 24 ಗಂಟೆ ಅಲ್ಲೇ ಇರಿ, ಮನೆಗೆ ಕಳುಹಿಸಿ ಎಂದು ವೈದ್ಯರನ್ನು ಒತ್ತಾಯಿಸಬೇಡಿ. ಮಂತ್ರ ಹಾಕಿಸುವುದಿದ್ದರೆ ಗುಣವಾದ ಮೇಲೆ ಹಾಕಿಸಿ!

ಹಾವು ಕಡಿತವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಆದೇಶಿಸಿದೆ.

ಹೋಗುವಾಗ ಚಪ್ಪಲಿಗಿಂತ ಬೂಟು ಲೇಸು. ಗರಗಸ ಮಂಡಲ ಹೆಚ್ಚಾಗಿ ಕತ್ತಲಲ್ಲಿ ಓಡಾಡುವ ಹಾವು. ಹೊತ್ತು ಮುಳುಗುವ ಮೊದಲೇ ಮಕ್ಕಳನ್ನು ಮೇಲೆ ಕರೆತನ್ನಿ, ಕೈಯಲ್ಲೊಂದು ಬ್ಯಾಟರಿ ಇರಲಿ.