ಕಿವಿಗೆ ಕಂಡ ಆಟ

ಆಕಾಶವಾಣಿಯ ಭದ್ರಾವತಿ ಕೇಂದ್ರವು 1965ರ ಫೆಬ್ರವರಿಯಲ್ಲಿ ಪ್ರಸಾರವನ್ನು ಆರಂಭಿಸಿತು. ಅಜ್ಜಂಪುರ, ತರೀಕೆರೆ, ಕಡೂರು ಸೀಮೆಯ ಮನೆಗಳಿಗೆ ಅದು ನೆರೆಯೂರಿನ ದನಿ. ರೇಡಿಯೋದ ಮುಳ್ಳನ್ನು ಸರಿಪಡಿಸಿ ಕುಳಿತವರಿಗೆ ಸುದ್ದಿ, ಸಂಗೀತ, ಬೇಸಾಯದ ಮಾತುಗಳಲ್ಲದೆ ಆಕಾಶವಾಣಿ ಕೊಡುತ್ತಿದ್ದ ಇನ್ನೊಂದು ಸೊಗಸೂ ಇತ್ತು. ಅದು ವೀಕ್ಷಕ ವಿವರಣೆ. ಮೈಸೂರಿನ ರಾಜಬೀದಿಯನ್ನು ಎಂದೂ ತುಳಿಯದವರು ಜಂಬೂಸವಾರಿಯ ಆನೆಯನ್ನು ಕಿವಿಯಿಂದಲೇ ಕಂಡದ್ದುಂಟು. ಹಾಗೆ ಕಾಣಿಸುವವನ ಕೆಲಸ ಎಂಥದು, ಅದರ ಹೊಣೆ ಎಷ್ಟು ಎಂಬುದನ್ನು ತಿಳಿಯಲು, ಅದನ್ನೇ ಬಾಳಿನ ಕಾಯಕವನ್ನಾಗಿ ಮಾಡಿಕೊಂಡ ಒಬ್ಬರ ಕಥೆಯನ್ನು ನೋಡಬಹುದು.

ಅದೇ 1965ರ ನವೆಂಬರ್ 21ರಂದು, ಭೂಮಿಯ ಆಚೆಯ ಮಗ್ಗುಲಾದ ಅಮೆರಿಕದಲ್ಲಿ, ಒಬ್ಬರು ಬಾಸ್ಕೆಟ್‌ಬಾಲ್ ಪಂದ್ಯದ ವಿವರಣೆಗೆ ಕುಳಿತರು. ಕೆಟ್ಟ ಹವೆಯಿಂದಾಗಿ ಅವರು ಅದರ ಹಿಂದಿನ ಪಂದ್ಯಕ್ಕೆ ಬಂದು ಸೇರಲಾಗಿರಲಿಲ್ಲ. ಅಂದಿನಿಂದ 2001ರ ಡಿಸೆಂಬರ್ 16ರವರೆಗೆ ನಡೆದ 3,338 ಪಂದ್ಯಗಳಲ್ಲಿ ಒಂದನ್ನೂ ಅವರು ತಪ್ಪಿಸಲಿಲ್ಲ. ಅವರೇ ಲಾಸ್ ಏಂಜಲೀಸಿನ ಲೇಕರ್ಸ್ ತಂಡದ ದನಿಯೆಂದು ಹೆಸರಾದ ಚಿಕ್ ಹರ್ನ್.

ಅವರು 1916ರ ನವೆಂಬರ್ 27ರಂದು ಇಲಿನಾಯ್ ರಾಜ್ಯದ ಬ್ಯೂಡ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ತಾಯಿತಂದೆಗಳು ಇಟ್ಟ ಹೆಸರು ಫ್ರಾನ್ಸಿಸ್ ಡೇಲ್ ಹರ್ನ್. ತಾರುಣ್ಯದಲ್ಲಿ ಅವರೂ ಬಾಸ್ಕೆಟ್‌ಬಾಲ್ ಆಡುತ್ತಿದ್ದರು. ಒಮ್ಮೆ ತಂಡದ ಗೆಳೆಯರು ಹೊಸ ಬೂಟುಗಳಿವೆ ಎಂದು ನಂಬಿಸಿ ಅವರ ಕೈಗೆ ಒಂದು ಪೆಟ್ಟಿಗೆಯನ್ನು ಕೊಟ್ಟರು. ತೆರೆದು ನೋಡಿದರೆ ಒಳಗೆ ಸತ್ತ ಕೋಳಿ! ಅಂದು ಅಂಟಿಕೊಂಡ 'ಚಿಕ್' ಎಂಬ ಅಡ್ಡಹೆಸರು ಮುಂದೆ ನಿಜವಾದ ಹೆಸರನ್ನೇ ಮರೆಸಿತು. ಪಿಯೋರಿಯ ನಗರದಲ್ಲಿ ಪ್ರಸಾರ ಕಾರ್ಯದಲ್ಲಿ ನುರಿತು, ಅನಂತರ ಅವರು ಲಾಸ್ ಏಂಜಲೀಸಿಗೆ ಬಂದರು. ಲೇಕರ್ಸ್ ತಂಡವು 1960ರಲ್ಲಿ ಆ ನಗರಕ್ಕೆ ನೆಲೆಯನ್ನು ಬದಲಿಸಿತು. ಮರುವರ್ಷದ ಮಾರ್ಚಿಯಲ್ಲಿ ತಂಡದ ಒಡೆಯರು ಸೇಂಟ್ ಲೂಯಿಸ್‌ನಲ್ಲಿ ನಡೆಯಲಿದ್ದ ಒಂದು ಮುಖ್ಯ ಪಂದ್ಯದ ವಿವರಣೆಗೆ ಹರ್ನ್ ಅವರನ್ನು ಕಳುಹಿಸಿದರು. ಅಂದು ಹೋದವರು ಕೊನೆಯುಸಿರಿನವರೆಗೂ ಆ ಪೀಠವನ್ನು ಬಿಡಲಿಲ್ಲ.

ಬಾಸ್ಕೆಟ್‌ಬಾಲ್ ಆಟವನ್ನು ಮಾತಿನಲ್ಲಿ ಹಿಡಿಯುವುದು ಸುಲಭವಲ್ಲ. 1891ರಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು 10 ಅಡಿ ಎತ್ತರದಲ್ಲಿ ಹಣ್ಣಿನ ಬುಟ್ಟಿಗಳನ್ನು ತೂಗುಹಾಕಿ ಆರಂಭಿಸಿದ ಈ ಆಟ ಕಾಲಕ್ರಮದಲ್ಲಿ ಮಿಂಚಿನ ವೇಗವನ್ನು ಪಡೆಯಿತು. ಕ್ರಿಕೆಟ್ಟಿನಲ್ಲಾದರೆ ಎರಡು ಎಸೆತಗಳ ನಡುವೆ ವಿವರಣೆಕಾರನಿಗೆ ಉಸಿರಾಡಲು, ಮೋಡದ ಬಣ್ಣವನ್ನು ಹೇಳಲು, ಹಳೆಯ ಪಂದ್ಯವೊಂದನ್ನು ನೆನೆಯಲು ಬಿಡುವಿದೆ. ಬಾಸ್ಕೆಟ್‌ಬಾಲಿನಲ್ಲಿ ಆ ಬಿಡುವು ಎಲ್ಲಿಂದ ಬರಬೇಕು? 94 ಅಡಿ ಉದ್ದದ ಅಂಕಣದಲ್ಲಿ ಹತ್ತು ಮಂದಿ ಆಟಗಾರರು ಓಡುತ್ತಿರುತ್ತಾರೆ. ಅಮೆರಿಕದ ವೃತ್ತಿಪರ ಪಂದ್ಯಗಳಲ್ಲಿ 1954ರಿಂದ ಬಂದ ನಿಯಮದಂತೆ, ಚೆಂಡು ಕೈಗೆ ಬಂದ ತಂಡವು 24 ಸೆಕೆಂಡುಗಳೊಳಗೆ ಅದನ್ನು ಬುಟ್ಟಿಯತ್ತ ಎಸೆಯಲೇಬೇಕು. ಒಂದು ವಾಕ್ಯ ಮುಗಿಯುವುದರೊಳಗೆ ಚೆಂಡು ಮೂರು ಕೈಗಳನ್ನು ದಾಟಿರುತ್ತದೆ.

ಹರ್ನ್ ಅವರ ಮಾತು ಆ ಚೆಂಡಿನ ಜೊತೆಗೇ ಓಡುತ್ತಿತ್ತು. ಕ್ರೀಡಾಂಗಣದ ಎತ್ತರದ ಒಂದು ಪೀಠದಲ್ಲಿ ಕುಳಿತು, ಚೆಂಡು ಯಾರ ಕೈಯಲ್ಲಿದೆ, ಬುಟ್ಟಿಯಿಂದ ಎಷ್ಟು ದೂರದಲ್ಲಿದೆ, ಎದುರಾಳಿ ಎಲ್ಲಿ ನಿಂತಿದ್ದಾನೆ ಎಂಬುದನ್ನು ಅವರು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ತಂಡವು ಯಾವ ದಿಕ್ಕಿಗೆ ಆಡುತ್ತಿದೆಯೆಂದು ತಿಳಿಸಲು ಅವರು ಕಂಡುಕೊಂಡ ಉಪಾಯವಂತೂ ಸರಳವಾದುದು, ಸೊಗಸಾದುದು. ರೇಡಿಯೋದ ಮುಖದ ಮೇಲೆ ಎಡದಿಂದ ಬಲಕ್ಕೆ ಆಟಗಾರರು ಸಾಗುತ್ತಿದ್ದಾರೆಂದು ಅವರು ಕೇಳುಗರಿಗೆ ಹೇಳುತ್ತಿದ್ದರು. ಮನೆಯ ಮೇಜಿನ ಮೇಲಿದ್ದ ಪೆಟ್ಟಿಗೆಯ ಅಂಕಿಗಳ ಪಟ್ಟಿಯೇ ಆಗ ಕೇಳುಗನಿಗೆ ಅಂಕಣವಾಗುತ್ತಿತ್ತು!

ಅವರ ವಿವರಣೆಯನ್ನು ಬಹುಕಾಲ ರೇಡಿಯೋ ಮತ್ತು ಟೆಲಿವಿಷನ್ ಎರಡೂ ಏಕಕಾಲದಲ್ಲಿ ಬಿತ್ತರಿಸುತ್ತಿದ್ದವು. ಚಿತ್ರವನ್ನು ಕಾಣುವವರಿಗೆ ಇಷ್ಟೊಂದು ಮಾತು ಬೇಕೇ ಎಂದು ಕೇಳಬಹುದು. ಆದರೆ ಹರ್ನ್ ಅವರು ಕಾಣದವನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡಿದರು; ಕಾಣುವವನು ಅದರಿಂದ ಕಳೆದುಕೊಂಡದ್ದು ಏನೂ ಇಲ್ಲ. ಕಾಣದವನಿಗೆ ವಿವರಣೆಕಾರನ ಮಾತನ್ನು ಪರೀಕ್ಷಿಸುವ ದಾರಿಯೇ ಇಲ್ಲ. ಆದುದರಿಂದ ಆ ಮಾತು ಸತ್ಯವಾಗಿರಬೇಕು. ಹರ್ನ್ ಅವರು ಲೇಕರ್ಸ್ ತಂಡದ ಸಂಬಳದ ನೌಕರರಾಗಿದ್ದರೂ ಆ ತಂಡ ಸೋಮಾರಿಯಾಗಿ ಆಡಿದಾಗ ಅದನ್ನು ಮುಚ್ಚಿಡುತ್ತಿರಲಿಲ್ಲ.

ಅವರ ನುಡಿಗಟ್ಟುಗಳು ಆಟದ ಭಾಷೆಯಲ್ಲಿಯೇ ಸೇರಿಹೋದವು. ಚೆಂಡನ್ನು ಮೇಲಿನಿಂದ ಬುಟ್ಟಿಯೊಳಕ್ಕೆ ಬಡಿದು ತುರುಕುವುದಕ್ಕೆ 'ಸ್ಲ್ಯಾಮ್ ಡಂಕ್', ಏನನ್ನೂ ತಾಗದೆ ಹಾರಿಹೋಗುವ ಎಸೆತಕ್ಕೆ 'ಏರ್ ಬಾಲ್' ಎಂಬ ಮಾತುಗಳನ್ನು ಬಳಕೆಗೆ ತಂದವರು ಅವರೇ ಎಂದು ಪ್ರಸಿದ್ಧಿಯಿದೆ. ಗೆಲುವು ಖಚಿತವಾಯಿತೆಂದು ಕಂಡೊಡನೆ, ಆಟವು ರೆಫ್ರಿಜರೇಟರಿನೊಳಗೆ ಸೇರಿತು, ಬಾಗಿಲು ಮುಚ್ಚಿತು, ದೀಪ ಆರಿತು, ಬೆಣ್ಣೆ ಗಟ್ಟಿಯಾಗುತ್ತಿದೆ ಎಂದು ಅವರು ಸಾರುತ್ತಿದ್ದರು. ನಮ್ಮ ಮನೆಗಳಲ್ಲಿ ಊಟ ಮುಗಿದು ಒಲೆ ಸಾರಿಸಿತು ಎಂದಂತೆ! 1971-72ರಲ್ಲಿ ಲೇಕರ್ಸ್ ತಂಡವು ಸತತವಾಗಿ 33 ಪಂದ್ಯಗಳನ್ನು ಗೆದ್ದಾಗ ಆ ಬಾಗಿಲು ಎಷ್ಟು ಸಲ ಮುಚ್ಚಿರಬಹುದೋ!

ಮನೆಯೊಳಗಿನ ದುಃಖವು ಆ ದನಿಯಲ್ಲಿ ಕೇಳಿಸಲಿಲ್ಲ. ಅವರಿಗೂ ಪತ್ನಿ ಮಾರ್ಜ್ ಅವರಿಗೂ ಇದ್ದ ಇಬ್ಬರು ಮಕ್ಕಳು, ಮಗನೂ ಮಗಳೂ, ತಾಯಿತಂದೆಗಳ ಕಣ್ಣೆದುರಿಗೇ ತೀರಿಕೊಂಡರು.

2001ರ ಡಿಸೆಂಬರಿನಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಅವರನ್ನು ಪೀಠದಿಂದ ಇಳಿಸಿತು. ಚೇತರಿಸಿಕೊಳ್ಳುತ್ತಿರುವಾಗ ಬಿದ್ದು ಸೊಂಟದ ಮೂಳೆಯನ್ನೂ ಮುರಿದುಕೊಂಡರು. ಆಗ ಅವರಿಗೆ 85 ವರ್ಷ. ಆದರೂ 2002ರ ಏಪ್ರಿಲ್‌ನಲ್ಲಿ ಮರಳಿ ಬಂದು, ಜೂನ್ 12ರಂದು ಲೇಕರ್ಸ್ ರಾಷ್ಟ್ರದ ಪ್ರಶಸ್ತಿಯನ್ನು ಗೆದ್ದ ಪಂದ್ಯವನ್ನು ಕೇಳುಗರಿಗೆ ಕಾಣಿಸಿದರು. ಅದೇ ಅವರ ಕೊನೆಯ ಪಂದ್ಯವಾಯಿತು. ಆಗಸ್ಟ್ 5ರಂದು ಅವರು ನಿಧನರಾದರು. ಮರುವರ್ಷ ಬಾಸ್ಕೆಟ್‌ಬಾಲಿನ ಕೀರ್ತಿಭವನವು ಅವರ ಹೆಸರನ್ನು ಸೇರಿಸಿಕೊಂಡಿತು.

2010ರ ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸಿನ ಕ್ರೀಡಾಂಗಣದ ಹೊರಗೆ ಅವರ ಕಂಚಿನ ಪ್ರತಿಮೆಯನ್ನು ಅನಾವರಣ ಮಾಡಲಾಯಿತು. ಮೇಜಿನ ಮುಂದೆ ವಿವರಣೆಗೆ ಕುಳಿತಿರುವ ಭಂಗಿ. ಪಕ್ಕದಲ್ಲಿ ಒಂದು ಖಾಲಿ ಕುರ್ಚಿ. ಬಂದವರು ಯಾರು ಬೇಕಾದರೂ ಅದರಲ್ಲಿ ಕುಳಿತುಕೊಳ್ಳಬಹುದು.